ಬಳ್ಳಾರಿಗೆ ಬರುವ ‘ಎಕ್ಸಾಟಿಕ್’ ತರಕಾರಿ ಬಾಕ್ಸ್: ಯಾವುದು ನಮ್ಮ ಒಲೆಗೆ ಒಗ್ಗುತ್ತದೆ, ಯಾವುದು ಒಗ್ಗದು

ಬ್ರಾಕೊಲಿ, ಜುಕಿನಿ, ಕೆಂಪು ಕೋಸು, ಬಾಕ್ ಚಾಯ್, ಬೇಬಿ ಕಾರ್ನ್, ಸೆಲರಿ, ಲೆಟಿಸ್, ಆಸ್ಪರಾಗಸ್. ಬಳ್ಳಾರಿಯ ಸೂಪರ್ ಮಾರ್ಕೆಟ್ಟೊಂದು ವಾರಕ್ಕೊಮ್ಮೆ ಮನೆಗೆ ಕಳಿಸುವ ‘ಎಕ್ಸಾಟಿಕ್ ಬಾಕ್ಸ್’ ಬಿಚ್ಚಿದರೆ ಸಿಗುವುದು ಇಷ್ಟು. ಒಟ್ಟು ತೂಕ ಎರಡು ಕೆಜಿಗೆ ತುಸು ಹೆಚ್ಚು. ಬೆಲೆ ವಾರದ ಮೇಲೆ ₹400ರಿಂದ ₹500. ಇಷ್ಟೇ ದುಡ್ಡಿಗೆ ಮಾರ್ಕೆಟ್ಟಿನಲ್ಲಿ ಬದನೆಕಾಯಿ, ಹೀರೆಕಾಯಿ, ಚವಳಿಕಾಯಿ, ನಾಲ್ಕು ಥರದ ಸೊಪ್ಪು ಸೇರಿ ಕೈಚೀಲ ತುಂಬಿ ಮೇಲೆ ಚಿಲ್ಲರೆಯೂ ಉಳಿಯುತ್ತದೆ. ಹಾಗಾಗಿ ಈ ಬಾಕ್ಸ್ ರುಚಿಯಾಗಿದೆಯೇ ಎಂದು ಕೇಳಿದರೆ ಸಾಲದು. ಜೋಳದ ರೊಟ್ಟಿ, ಬೇಳೆ, ಅನ್ನ ಉಣ್ಣುವ ಮನೆಯಲ್ಲಿ ಇದು ಕೊಳೆಯದೆ, ಎಸೆಯದೆ ಖರ್ಚಾಗುತ್ತದೆಯೇ ಎಂದೂ ಕೇಳಬೇಕು.

ಬ್ರಾಕೊಲಿ, ಕೆಂಪು ಕೋಸು, ಬಾಕ್ ಚಾಯ್, ಬೇಬಿ ಕಾರ್ನ್ ಸಲೀಸಾಗಿ ಖರ್ಚಾಗುತ್ತವೆ. ಜುಕಿನಿ ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕೆ ಕೈ ಪಳಗಬೇಕು. ಸೆಲರಿ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು. ಲೆಟಿಸ್ ಮತ್ತು ಆಸ್ಪರಾಗಸ್ ನಮ್ಮ ಊರಿನ ಬಿಸಿಲಿಗೆ ದಂಡ. ಈ ತೀರ್ಪಿನ ಹಿಂದಿರುವುದು ಒಂದೇ ಸಂಗತಿ: ನೀರು. ಈ ತರಕಾರಿಗಳ ತೂಕದಲ್ಲಿ ಬಹುಪಾಲು ನೀರೇ. ಜುಕಿನಿ, ಲೆಟಿಸ್, ಸೆಲರಿಯಲ್ಲಿ ನೂರಕ್ಕೆ 95ರ ಹತ್ತಿರ, ಬ್ರಾಕೊಲಿಯಲ್ಲಿ 90ರ ಹತ್ತಿರ. ದಾರಿಯಲ್ಲಿ ಆ ನೀರು ಆರಿದರೆ ಮಾಲು ಸತ್ತಂತೆ. ಕಡಾಯಿಯಲ್ಲಿ ಆ ನೀರು ಒಮ್ಮೆಲೆ ಹೊರಬಿದ್ದರೆ ಪಲ್ಯ ಹೋಗಿ ಗಂಜಿ ಆಗುತ್ತದೆ. ಈ ತರಕಾರಿ ತಂದವರ ಮನೆಯಲ್ಲಿ ಏನೇ ಕೆಟ್ಟಿದ್ದರೂ ಮುಕ್ಕಾಲು ಪಾಲು ಕಾರಣ ಇದೇ.

ಬಾಕ್ಸ್ ಬಂದ ಕೂಡಲೇ

ಮಾಲು ಬರುವುದು ಬೆಂಗಳೂರಿನ ಕಡೆಯಿಂದ, ಮುನ್ನೂರು ಕಿಲೋಮೀಟರ್ ದಾರಿ. ರಾತ್ರಿ ಲಾರಿಯಲ್ಲಿ ಬಂದು ಬೆಳಿಗ್ಗೆ ಅಂಗಡಿ ಸೇರುತ್ತದೆ. ಅಲ್ಲಿಯವರೆಗೆ ತಕರಾರಿಲ್ಲ. ಎಡವಟ್ಟಾಗುವುದು ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ. ಡೆಲಿವರಿ ಹುಡುಗರು ಹನ್ನೊಂದರಿಂದ ಎರಡರ ನಡುವೆ ಸ್ಕೂಟರಿನ ಹಿಂದೆ ಬಾಕ್ಸ್ ಕಟ್ಟಿಕೊಂಡು ಹೊರಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು ಕಡೆ 40 ಡಿಗ್ರಿ ದಾಟಿದ ಹೊತ್ತು ಅದು. ಕ್ಲಿಂಗ್ ಫಿಲ್ಮ್ ಸುತ್ತಿದ ಥರ್ಮಾಕೋಲ್ ತಟ್ಟೆಯೊಳಗೆ ತರಕಾರಿ ಬೆವರಿ, ಫಿಲ್ಮಿನ ಒಳಮೈಗೆ ಹನಿ ಕಟ್ಟಿರುತ್ತದೆ. ಆ ಹನಿಯಿಂದಲೇ ಕೊಳೆತ ಶುರು. ಆರ್ಡರ್ ಮಾಡುವಾಗ ‘ಬೆಳಿಗ್ಗೆ ಒಂಬತ್ತರೊಳಗೆ’ ಅಥವಾ ‘ಅಂಗಡಿಗೆ ಬಂದು ಒಯ್ಯುತ್ತೇವೆ’ ಎಂದು ಬರೆಯಿಸಿ. ಎರಡೂ ಆಗದಿದ್ದರೆ ಬೇಸಿಗೆಯ ಮೂರು ತಿಂಗಳು ಈ ಬಾಕ್ಸನ್ನು ಮರೆತುಬಿಡುವುದೇ ವಾಸಿ. ನವೆಂಬರಿನಿಂದ ಫೆಬ್ರವರಿವರೆಗೆ ಇದೇ ಬಾಕ್ಸ್ ಬೇರೆಯೇ ಮಾಲಿನ ಹಾಗೆ ಇರುತ್ತದೆ.

ಮನೆಗೆ ಬಂದ ಮೇಲೆ ಫಿಲ್ಮ್ ಹರಿದು ಎಲ್ಲವನ್ನೂ ಹೊರಗೆ ತೆಗೆಯಿರಿ. ತೊಳೆಯಬೇಡಿ. ತೊಳೆದು ಫ್ರಿಜ್ಜಿಗಿಟ್ಟ ಬ್ರಾಕೊಲಿಯ ಮೊಗ್ಗಿನೊಳಗೆ ನೀರು ನಿಂತು ಎರಡು ದಿನದಲ್ಲಿ ಕಪ್ಪು ಚುಕ್ಕೆ ಬರುತ್ತದೆ. ಹತ್ತು ನಿಮಿಷ ಫ್ಯಾನಿನ ಕೆಳಗೆ ಮೈ ಆರಲಿ. ಆಮೇಲೆ ಬ್ರಾಕೊಲಿ, ಬಾಕ್ ಚಾಯ್, ಲೆಟಿಸ್‌ಗಳನ್ನು ಬೇರೆ ಬೇರೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಬಾಯಿ ತೆರೆದ ಕವರಿನಲ್ಲಿಟ್ಟು ಫ್ರಿಜ್ಜಿನ ತಣ್ಣನೆಯ ಭಾಗಕ್ಕೆ ಸೇರಿಸಿ. ಜುಕಿನಿಗೆ ಮಾತ್ರ ಅಷ್ಟು ಚಳಿ ಆಗದು. 5 ಡಿಗ್ರಿಗಿಂತ ಕೆಳಗೆ ಬಹಳ ದಿನ ಇದ್ದರೆ ಸಿಪ್ಪೆಯ ಮೇಲೆ ತಗ್ಗು ಬಿದ್ದು ಒಳಗೆ ಮೆತ್ತಗಾಗುತ್ತದೆ. ಅದನ್ನು ತರಕಾರಿ ಡ್ರಾಯರಿನಲ್ಲಿ, ಮುಂಭಾಗಕ್ಕೆ ಇಡಿ. ಬಾಳೆಹಣ್ಣು, ಟೊಮೆಟೊ, ಸೇಬಿನ ಪಕ್ಕ ಬ್ರಾಕೊಲಿಯನ್ನೂ ಲೆಟಿಸ್ಸನ್ನೂ ಇಡಬೇಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಬ್ರಾಕೊಲಿಯ ಹಸಿರು ಮೊಗ್ಗು ಹಳದಿಯಾಗುತ್ತದೆ, ಲೆಟಿಸ್ ಎಲೆಯಲ್ಲಿ ಕಂದು ಚುಕ್ಕೆ ಮೂಡುತ್ತದೆ.

ಬಾಕ್ಸಿನ ಜೊತೆ ಬರುವ ಚೀಟಿಯ ಬಗ್ಗೆ ಒಂದು ಮಾತು. ‘ಐದು ನಿಮಿಷ ಕುದಿಸಿ, ಆಲಿವ್ ಎಣ್ಣೆ ಹಾಕಿ, ಚೀಸ್ ತುರಿದು ತಿನ್ನಿ’ ಎಂಬ ಒಂದೇ ಸಾಲು ಎಂಟು ತರಕಾರಿಗೂ. ಐದು ನಿಮಿಷ ಕುದಿಸಿದರೆ ಬಾಕ್ ಚಾಯ್ ಮುದ್ದೆ, ಆಸ್ಪರಾಗಸ್ ನಾರು. ಚೀಟಿಯನ್ನು ರದ್ದಿಗೆ ಹಾಕಿ.

ಬ್ರಾಕೊಲಿ

ಹೂಕೋಸು, ಎಲೆಕೋಸು, ನವಿಲುಕೋಸು, ಬ್ರಾಕೊಲಿ ಎಲ್ಲ ಒಂದೇ ಜಾತಿಯ ಗಿಡದ ಬೇರೆ ಬೇರೆ ತಳಿಗಳು. ಹಾಗೆಂದು ಹೂಕೋಸಿನ ಹಾಗೆ ಬೇಯಿಸಲು ಹೋದರೆ ಕೆಡುತ್ತದೆ. ಹೂಕೋಸಿನ ಗಡ್ಡೆ ಗಟ್ಟಿ. ಬ್ರಾಕೊಲಿಯ ತುದಿಯಲ್ಲಿರುವುದು ಸಾವಿರಾರು ಬಿಡಿ ಮೊಗ್ಗು. ಶಾಖವೂ ನೀರೂ ಅದರೊಳಕ್ಕೆ ಬಲುಬೇಗ ಇಳಿಯುತ್ತವೆ.

ಬಾಕ್ಸಿನಲ್ಲಿ ಬರುವುದು 300-350 ಗ್ರಾಂ ತೂಗುವ ಒಂದು ಹೂವು. ಮೊಗ್ಗು ಬಿಗಿಯಾಗಿ, ಕಡು ಹಸಿರಾಗಿ ಇರಬೇಕು. ಅಲ್ಲಲ್ಲಿ ಹಳದಿ ಅರಳಿದ್ದರೆ ಹಳೇ ಮಾಲು, ಅಲ್ಲೇ ವಾಪಸ್ ಕೊಡಿ. ಹುಳ ಇರುವ ಸಾಧ್ಯತೆ ಸದಾ ಇದೆ. ಹಸಿರು ಎಲೆಹುಳ ಹಸಿರು ಮೊಗ್ಗಿನ ಮಧ್ಯೆ ಕಣ್ಣಿಗೆ ಬೀಳುವುದಿಲ್ಲ. ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ, ಹೂವನ್ನು ತಲೆಕೆಳಗಾಗಿ ಹತ್ತು ನಿಮಿಷ ಮುಳುಗಿಸಿಡಿ. ಹುಳ ತಾನಾಗಿ ಕಳಚಿ ನೀರಿಗೆ ಬೀಳುತ್ತದೆ. ಹತ್ತು ನಿಮಿಷ ಸಾಕು. ಅರ್ಧ ಗಂಟೆ ಬಿಟ್ಟರೆ ಮೊಗ್ಗು ಉಪ್ಪು ಹಿಡಿಯುತ್ತದೆ. ಆಮೇಲೆ ಚೆನ್ನಾಗಿ ಜಾಡಿಸಿ ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಈ ಒಣಗಿಸುವ ಕೆಲಸವನ್ನು ಎಲ್ಲರೂ ಹಾರಿಸುತ್ತಾರೆ. ಒದ್ದೆ ಬ್ರಾಕೊಲಿ ಕಡಾಯಿಗೆ ಬಿದ್ದರೆ ಎಣ್ಣೆಯ ಬಿಸಿಯೆಲ್ಲ ನೀರನ್ನು ಹಬೆ ಮಾಡುವುದಕ್ಕೇ ಹೋಗಿ, ತರಕಾರಿ ಹುರಿಯುವ ಬದಲು ಬೇಯುತ್ತದೆ.

ದಂಟನ್ನು ಎಸೆಯಬೇಡಿ, ರುಚಿಯಲ್ಲಿ ಅದೇ ಮುಂದು. ಹೊರಗಿನ ನಾರು ಸಿಪ್ಪೆಯನ್ನು ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಹೆರೆದರೆ ಒಳಗೆ ಎಳೆ ನವಿಲುಕೋಸಿನಂಥ ತಿಳಿಹಸಿರು ತಿರುಳು ಸಿಗುತ್ತದೆ. ಅದನ್ನು ನಾಣ್ಯದಷ್ಟು ತೆಳ್ಳಗೆ ಬಿಲ್ಲೆ ಮಾಡಿ. ಹೂವನ್ನು ಮೂರು ಸೆಂಟಿಮೀಟರ್ ಎಸಳುಗಳಾಗಿ ಬಿಡಿಸಿ.

ಪಲ್ಯಕ್ಕೆ: ಅಗಲ ಕಡಾಯಿಯಲ್ಲಿ ಒಂದೂವರೆ ದೊಡ್ಡ ಚಮಚ ಶೇಂಗಾ ಎಣ್ಣೆ ಚೆನ್ನಾಗಿ ಕಾಯಲಿ. ಅರ್ಧ ಚಮಚ ಜೀರಿಗೆ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಸೀಳಿದ ಮೂರು ಹಸಿಮೆಣಸಿನಕಾಯಿ. ಮೊದಲು ದಂಟಿನ ಬಿಲ್ಲೆ ಹಾಕಿ ದೊಡ್ಡ ಉರಿಯಲ್ಲಿ ಎರಡು ನಿಮಿಷ. ಆಮೇಲೆ ಎಸಳು ಹಾಕಿ, ಮುಚ್ಚದೆ, ಮೂರು ನಿಮಿಷ ಹುರಿಯಿರಿ. ಅಂಚು ಅಲ್ಲಲ್ಲಿ ಕಂದಾಗಬೇಕು. ಎರಡು ದೊಡ್ಡ ಚಮಚ ನೀರು ಚಿಮುಕಿಸಿ ಒಂದೂವರೆ ನಿಮಿಷ ಮುಚ್ಚಿ, ತೆಗೆಯಿರಿ. ಉಪ್ಪು, ಎರಡು ದೊಡ್ಡ ಚಮಚ ತರಿತರಿ ಶೇಂಗಾ ಪುಡಿ ಹಾಕಿ ಒಲೆ ಆರಿಸಿ. ನಿಂಬೆರಸ ಹಿಂಡುವುದು ತಟ್ಟೆಗೆ ಹಾಕಿದ ಮೇಲೆ.

ನಿಂಬೆಹಣ್ಣು ಕೊನೆಗೇ ಯಾಕೆಂದರೆ, ಬಿಸಿಯಲ್ಲಿ ಹುಳಿ ಸೇರಿದರೆ ಪತ್ರಹರಿತ್ತಿನೊಳಗಿನ ಮೆಗ್ನೀಸಿಯಂ ಕಳಚಿ ಕಡು ಹಸಿರು ಹೋಗಿ ಮಾಸಿದ ಕಂದು ಹಸಿರು ಬರುತ್ತದೆ. ಬಹಳ ಹೊತ್ತು ಮುಚ್ಚಿದರೂ ಅದೇ ಗತಿ. ತರಕಾರಿಯಿಂದಲೇ ಎದ್ದ ಹುಳಿ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಅದರ ಮೇಲೇ ಬೀಳುತ್ತದೆ. ಬಣ್ಣ ಉಳಿಸಲು ಚಿಟಿಕೆ ಸೋಡಾ ಹಾಕುವ ರೂಢಿ ಹೋಟೆಲುಗಳಲ್ಲಿದೆ. ಬಣ್ಣವೇನೋ ಉಳಿಯುತ್ತದೆ, ಆದರೆ ಎಸಳು ಲೊಳಲೊಳ ಆಗುತ್ತದೆ. ಕುಕ್ಕರಿನ ಹತ್ತಿರಕ್ಕೂ ಒಯ್ಯಬೇಡಿ. ಒಂದು ಸೀಟಿ ಹೊಡೆಯುವಷ್ಟರಲ್ಲಿ ಗಂಧಕದ ವಾಸನೆ ಅಡುಗೆಮನೆ ತುಂಬುತ್ತದೆ. ‘ಬ್ರಾಕೊಲಿ ನಾರುತ್ತದೆ’ ಎನ್ನುವವರಲ್ಲಿ ಹೆಚ್ಚಿನವರು ತಿಂದಿರುವುದು ಹೀಗೆ ಬೆಂದದ್ದನ್ನೇ.

ಆರೋಗ್ಯಕ್ಕೆಂದು ಕೊಳ್ಳುವವರಿಗೆ ಇನ್ನೊಂದು ವಿಷಯ. ಆರೋಗ್ಯದ ವಿಷಯದಲ್ಲಿ ಬ್ರಾಕೊಲಿಗೆ ಹೆಸರು ತಂದ ಸಲ್ಫೊರಾಫೇನ್ ಎಂಬ ಗಂಧಕದ ವಸ್ತು ಅದರೊಳಗೆ ಸಿದ್ಧವಾಗಿ ಇರುವುದಿಲ್ಲ. ಹೆಚ್ಚಿದಾಗ, ಜಗಿದಾಗ ಮೈರೊಸಿನೇಸ್ ಎಂಬ ಕಿಣ್ವದ ಕೆಲಸದಿಂದ ಹುಟ್ಟುತ್ತದೆ. ಶಾಖಕ್ಕೆ ಆ ಕಿಣ್ವ ಸಾಯುತ್ತದೆ. ಹೆಚ್ಚಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಒಲೆಗೇರಿಸಿದರೆ ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಪುರುಸೊತ್ತು ಇಲ್ಲದಿದ್ದರೆ ಬೆಂದ ಪಲ್ಯಕ್ಕೆ ಕಾಲು ಚಮಚ ಹಸಿ ಸಾಸಿವೆ ಪುಡಿ ಕಲಸಿ, ಅದೇ ಕಿಣ್ವ ಸಾಸಿವೆಯಲ್ಲೂ ಇದೆ. ಒಗ್ಗರಣೆಯಲ್ಲಿ ಚಟಪಟ ಸಿಡಿದ ಸಾಸಿವೆ ಇದಕ್ಕೆ ಬಾರದು, ಅದರ ಕಿಣ್ವ ಎಣ್ಣೆಯಲ್ಲೇ ಸತ್ತಿರುತ್ತದೆ.

ಮಿರ್ಚಿ ಬಜ್ಜಿಯ ಊರಾದ್ದರಿಂದ ಬ್ರಾಕೊಲಿ ಬಜ್ಜಿ ಮಾಡುವ ಆಸೆ ಸಹಜ. ಬೇಡ. ಮೊಗ್ಗಿನ ಸಂದುಸಂದಿನಲ್ಲಿ ಎಣ್ಣೆ ನಿಲ್ಲುತ್ತದೆ, ಕಾಗದದ ಮೇಲೆ ಎಷ್ಟು ಹೊತ್ತಿಟ್ಟರೂ ಬಸಿಯುವುದಿಲ್ಲ.

ಜುಕಿನಿ

ನೋಡಲು ಸವತೆಕಾಯಿ, ಕುಲದಲ್ಲಿ ಕುಂಬಳಕಾಯಿ. ಬಾಕ್ಸಿನಲ್ಲಿ ಎರಡು ಬರುತ್ತವೆ, ಒಟ್ಟು 400 ಗ್ರಾಂ ಆಸುಪಾಸು. ಗೇಣುದ್ದ, ಸಣ್ಣ ಗಾತ್ರದ್ದೇ ಒಳ್ಳೆಯದು. ಬಲಿತದ್ದರಲ್ಲಿ ಬೀಜ ದೊಡ್ಡದು, ತಿರುಳು ಬೆಂಡು. ಸಿಪ್ಪೆ ತೆಗೆಯಬೇಕಿಲ್ಲ. ತೆಗೆದರೆ ಹೋಳು ಕೂಡಿ ನಿಲ್ಲುವುದೇ ಇಲ್ಲ.

ಹೆಚ್ಚುವ ಮುಂಚೆ ಎರಡೂ ಕಾಯಿಯ ತುದಿಯಿಂದ ಒಂದೊಂದು ಚೂರು ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಆ ಕಾಯಿಯನ್ನು ಪೂರ್ತಿ ಎಸೆಯಿರಿ. ಸೋರೆಕಾಯಿ, ಸವತೆಕಾಯಿಯಲ್ಲಿ ಒಮ್ಮೊಮ್ಮೆ ಬರುವ ಕುಕುರ್ಬಿಟಾಸಿನ್ ಎಂಬ ವಿಷವೇ ಈ ಕಹಿ. ಬೇಯಿಸಿದರೆ ಹೋಗದು, ಉಪ್ಪು ಹಚ್ಚಿದರೂ ಹೋಗದು. ವಾಂತಿ, ಭೇದಿ, ಹೊಟ್ಟೆನೋವು ತರುತ್ತದೆ. ಹಾಗಲಕಾಯಿಯ ಕಹಿ ಬೇರೆ ವಸ್ತುವಿನದು, ‘ಹಾಗಲ ತಿನ್ನೋದಿಲ್ವಾ’ ಎನ್ನುವ ವಾದ ಇಲ್ಲಿ ನಡೆಯದು. ಅಂಗಡಿಯವರು ಕಹಿ ಕಾಯಿಗೆ ಬದಲಿ ಕೊಡುತ್ತಾರೆ, ಆದರೆ ಅದೇ ದಿನ ಫೋಟೊ ಕಳಿಸಬೇಕಂತೆ. ಕಹಿಯನ್ನು ಫೋಟೊ ಹಿಡಿಯುವುದು ಹೇಗೆ ಎಂದು ಅವರೇ ಹೇಳಬೇಕು.

ಜುಕಿನಿ ಪಲ್ಯ ಕೆಡುವ ಬಗೆ ಎಲ್ಲ ಮನೆಯಲ್ಲೂ ಒಂದೇ. ಹೀರೆಕಾಯಿಯ ಹಾಗೆ ತೆಳ್ಳಗೆ ಹೆಚ್ಚಿ, ಕಡಾಯಿ ತುಂಬ ಸುರಿದು, ಮೊದಲೇ ಉಪ್ಪು ಹಾಕಿ, ಮುಚ್ಚಳ ಮುಚ್ಚುವುದು. ಉಪ್ಪು ನೀರನ್ನು ಎಳೆಯುತ್ತದೆ, ಮುಚ್ಚಳ ಅದನ್ನು ಹೊರಗೆ ಬಿಡುವುದಿಲ್ಲ, ಹತ್ತು ನಿಮಿಷದಲ್ಲಿ ಹೋಳು ತನ್ನ ನೀರಿನಲ್ಲೇ ಕರಗಿರುತ್ತದೆ. ಹೀರೆಕಾಯಿ ಕರಗಿದರೂ ಅದಕ್ಕೊಂದು ಸ್ವಂತ ರುಚಿಯಿದೆ. ಜುಕಿನಿಗೆ ಅದೂ ಇಲ್ಲ. ಅದರ ರುಚಿ ಹುಟ್ಟುವುದು ಮೈ ಕಂದಾದಾಗ ಮಾತ್ರ.

ಆದ್ದರಿಂದ ಉಪ್ಪಿನ ಕೆಲಸವನ್ನು ಒಲೆಗಿಂತ ಮುಂಚೆಯೇ ಮುಗಿಸಬೇಕು. ಒಂದೂವರೆ ಸೆಂಟಿಮೀಟರ್ ದಪ್ಪದ ಅರ್ಧಚಂದ್ರ ಹೋಳು ಮಾಡಿ. 400 ಗ್ರಾಮಿಗೆ ಮುಕ್ಕಾಲು ಚಮಚ ಉಪ್ಪು ಸವರಿ ಜಾಲರಿಯಲ್ಲಿ ಇಪ್ಪತ್ತು ನಿಮಿಷ ಇಡಿ. ಕೆಳಗಿಟ್ಟ ಬಟ್ಟಲಿಗೆ ಎರಡು ಮೂರು ದೊಡ್ಡ ಚಮಚ ನೀರು ಇಳಿದಿರುತ್ತದೆ. ಹೋಳನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ. ರೊಟ್ಟಿಯ ಕಬ್ಬಿಣದ ಹಂಚು ಹೊಗೆಯಾಡುವಷ್ಟು ಕಾದಿರಲಿ. ನಾನ್‌ಸ್ಟಿಕ್ ಪ್ಯಾನನ್ನು ಅಷ್ಟು ಕಾಯಿಸುವ ಹಾಗಿಲ್ಲ, ಅದಕ್ಕೇ ಹಂಚು. ಒಂದು ಚಮಚ ಎಣ್ಣೆ ಸವರಿ, ಹೋಳನ್ನು ಒಂದೇ ಪದರಕ್ಕೆ ಹರಡಿ. ಎರಡು ನಿಮಿಷ ಕೈ ಹಾಕಬೇಡಿ. ತಳ ಕಂದಾದ ಮೇಲೆ ಮಗುಚಿ ಇನ್ನೊಂದು ನಿಮಿಷ. ಹಂಚು ಚಿಕ್ಕದಾದರೆ ಎರಡು ಸಲ ಮಾಡಿ, ಒಂದರ ಮೇಲೊಂದು ಪೇರಿಸಿದರೆ ಮತ್ತೆ ಹಬೆಯೇ. ಇಳಿಸಿದ ಮೇಲೆ ಒಂದೂವರೆ ದೊಡ್ಡ ಚಮಚ ಗುರೆಳ್ಳು ಚಟ್ನಿಪುಡಿ, ಬೇಕಾದರೆ ಸಣ್ಣಗೆ ಹೆಚ್ಚಿದ ಹಸಿ ಉಳ್ಳಾಗಡ್ಡಿ. ಪುಡಿಯಲ್ಲೂ ಉಪ್ಪಿರುತ್ತದೆ, ಮತ್ತೆ ಹಾಕಬೇಡಿ. ಬಿಸಿ ರೊಟ್ಟಿಯ ಜೊತೆ ಕೂಡಲೇ ಬಡಿಸಬೇಕು. ಡಬ್ಬಿಗೆ ಕಟ್ಟಿದರೆ ಮಧ್ಯಾಹ್ನಕ್ಕೆ ನೀರು ಬಿಟ್ಟಿರುತ್ತದೆ.

ಎಣಗಾಯಿ ಮಾಡಬಹುದೇ? ಬದನೆಕಾಯಿಯಂತೆ ನಾಲ್ಕು ಸೀಳಿ ಮಸಾಲೆ ತುಂಬಿದರೆ ಆಗದು, ಬೆಂದ ಕೂಡಲೇ ಸೀಳು ಬಿಚ್ಚಿಕೊಂಡು ಮಸಾಲೆ ಹೊರಗೆ. ನಾಲ್ಕು ಸೆಂಟಿಮೀಟರ್ ಉದ್ದದ ತುಂಡು ಮಾಡಿ, ಒಂದು ಕಡೆಯಿಂದ ಬೀಜದ ತಿರುಳನ್ನು ಚಮಚದಲ್ಲಿ ಕೆತ್ತಿ, ಬಟ್ಟಲಿನಂಥ ಆ ಗುಳಿಗೆ ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಸೆಹಣ್ಣಿನ ಗಟ್ಟಿ ಮಸಾಲೆ ಒತ್ತಿ ನಿಲ್ಲಿಸಿದರೆ ನಿಲ್ಲುತ್ತದೆ. ಗ್ರೇವಿಯನ್ನು ಬೇರೆಯೇ ಕುದಿಸಿ, ಎಣ್ಣೆ ಬಿಟ್ಟ ಮೇಲೆ ತುಂಡುಗಳನ್ನು ಇಳಿಸಿ ಸಣ್ಣ ಉರಿಯಲ್ಲಿ ಎಂಟು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಗ್ರೇವಿಯನ್ನು ಎಂದಿಗಿಂತ ಗಟ್ಟಿಯಾಗೇ ಇಟ್ಟುಕೊಳ್ಳಿ, ಉಳಿದ ನೀರನ್ನು ಜುಕಿನಿ ಕೊಡುತ್ತದೆ.

ನಿಜವಾಗಿ ಜುಕಿನಿಗೆ ಹೇಳಿ ಮಾಡಿಸಿದ್ದು ತಾಲಿಪಟ್ಟು. ಒಂದು ಕಾಯಿ ತುರಿದು ಹಿಂಡಿ, ಹಿಂಡಿದ ನೀರನ್ನು ಬಟ್ಟಲಲ್ಲಿ ಹಿಡಿದಿಡಿ. ತುರಿಗೆ ಒಂದು ಬಟ್ಟಲು ಜೋಳದ ಹಿಟ್ಟು, ಕಾಲು ಬಟ್ಟಲು ಕಡಲೆಹಿಟ್ಟು, ಕಾಲು ಬಟ್ಟಲು ಗೋಧಿಹಿಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಅಜವಾನ, ಉಪ್ಪು. ಮೊದಲು ಒಣದಾಗೇ ಕಲಸಿ ಐದು ನಿಮಿಷ ಬಿಟ್ಟು, ಬೇಕಾದಷ್ಟೇ ಆ ನೀರನ್ನು ಚಮಚ ಚಮಚವಾಗಿ ಸೇರಿಸಿ. ಜೋಳದ ಹಿಟ್ಟಿಗೆ ಗೋಧಿಯಂತೆ ಅಂಟಿಲ್ಲ, ನೀರು ಒಂದು ಚಮಚ ಹೆಚ್ಚಾದರೂ ಮಗುಚುವಾಗ ಹರಿಯುತ್ತದೆ. ಒದ್ದೆ ಬಟ್ಟೆಯ ಮೇಲೆ ತಟ್ಟಿ, ನಡುವೆ ತೂತು ಮಾಡಿ ಎಣ್ಣೆ ಬಿಟ್ಟು ಬೇಯಿಸಿ.

ಕೆಂಪು ಕೋಸು ಮತ್ತು ನಮ್ಮ ಬೋರಿನ ನೀರು

ಕೆಂಪು ಎಂದರೂ ಬಣ್ಣ ನೇರಳೆ. ಅರ್ಧ ಗಡ್ಡೆ ಬರುತ್ತದೆ, 250 ಗ್ರಾಂನಷ್ಟು. ಈ ಬಾಕ್ಸಿನಲ್ಲಿ ಬಿಸಿಲಿಗೆ ಜಗ್ಗದ ಮಾಲು ಇದೊಂದೇ, ಫ್ರಿಜ್ಜಿನಲ್ಲಿ ವಾರ ಕಳೆದರೂ ಗಟ್ಟಿ ಇರುತ್ತದೆ. ಹೆಚ್ಚಿನ ದೂರು ಬರುವುದು ಬಣ್ಣದ ಮೇಲೆ: ‘ಪಲ್ಯ ಮಾಡಿದರೆ ನೀಲಿ ಆಯ್ತು, ಕೆಮಿಕಲ್ ಹಾಕಿದ್ದಾರೆ’ ಎಂದು. ಕೆಮಿಕಲ್ ಏನೂ ಇಲ್ಲ, ಅದು ನಮ್ಮ ನೀರಿನ ಆಟ. ಇದರ ಬಣ್ಣಕ್ಕೆ ಕಾರಣವಾದ ಆಂಥೊಸಯನಿನ್ ಹುಳಿಯಲ್ಲಿ ಕೆಂಪಗೆ, ಕ್ಷಾರದಲ್ಲಿ ನೀಲಿಗೆ, ಇನ್ನೂ ಕ್ಷಾರವಾದರೆ ಹಸಿರಿಗೆ ತಿರುಗುತ್ತದೆ. ಈ ಕಡೆಯ ಬೋರ್‌ವೆಲ್ಲಿನ ಗಡಸು ನೀರು ಸ್ವಲ್ಪ ಕ್ಷಾರ. ಅದರಲ್ಲಿ ಬೇಯಿಸಿದರೆ ನೀಲಿ, ಮೇಲೆ ಅರಿಶಿನ ಬಿದ್ದರೆ ಯಾರೂ ಮುಟ್ಟದಂಥ ಹಸಿರು. ಗಾಬರಿ ಬೇಡ. ಒಂದು ಚಮಚ ಹುಣಸೆ ರಸ ಬೆರೆಸಿ ತಿರುವಿದರೆ ಕಣ್ಣೆದುರೇ ನೀಲಿ ಹೋಗಿ ಗುಲಾಬಿ ಕೆಂಪು ಬರುತ್ತದೆ. ಮಕ್ಕಳನ್ನು ಒಲೆಯ ಹತ್ತಿರ ನಿಲ್ಲಿಸಿ ತೋರಿಸುವಂಥದ್ದು.

ಆದರೂ ಬೇಯಿಸುವುದಕ್ಕಿಂತ ಪಚಡಿಯೇ ಲೇಸು. 200 ಗ್ರಾಂ ಕೋಸನ್ನು ಎಳೆಎಳೆಯಾಗಿ ಹೆಚ್ಚಿ. ಮೊದಲು ಒಂದು ದೊಡ್ಡ ಚಮಚ ನಿಂಬೆರಸ ಸವರಿ, ಬಣ್ಣ ಅಲ್ಲೇ ನಿಲ್ಲುತ್ತದೆ. ಆಮೇಲೆ ಅರ್ಧ ಚಮಚ ಉಪ್ಪು ಹಾಕಿ ಕೈಯಲ್ಲಿ ಒಂದು ನಿಮಿಷ ತಿಕ್ಕಿ, ಹತ್ತು ನಿಮಿಷ ಬಿಡಿ. ಗಡಸು ಎಲೆ ಬಾಗುವಷ್ಟು ಮೆತ್ತಗಾಗುತ್ತದೆ. ಹಿಂಡಬೇಡಿ, ಇಲ್ಲಿ ಆ ನೀರು ಬೇಕು, ಪುಡಿಯನ್ನು ಅದೇ ಹಿಡಿದಿಡುವುದು. ಎರಡು ದೊಡ್ಡ ಚಮಚ ಗುರೆಳ್ಳು ಪುಡಿ ಅಥವಾ ಶೇಂಗಾ ಪುಡಿ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ, ಮೇಲೆ ಒಂದು ಸಣ್ಣ ಒಗ್ಗರಣೆ. ಮೊಸರು ಹಾಕುವವರು ಉಣ್ಣುವ ಹೊತ್ತಿಗೆ ಹಾಕಲಿ, ಬಟ್ಟಲು ತುಂಬ ತಿಳಿನೇರಳೆ ಬಣ್ಣ ಬರುತ್ತದೆ. ಮರದ ಮಣೆಯ ಮೇಲೆ ಹೆಚ್ಚಿದರೆ ಕಲೆ ಹೋಗುವುದಿಲ್ಲ.

ಉಳಿದವು

ಬಾಕ್ ಚಾಯ್ ಈ ಬಾಕ್ಸಿನ ಬಚ್ಚಿಟ್ಟ ಲಾಭ. ದಪ್ಪ ಬಿಳಿ ದಂಟು, ಬಸಳೆಯಷ್ಟು ಹಸಿರು ಎಲೆ. ಬುಡದಲ್ಲಿ ದಂಟುಗಳು ಕೂಡುವಲ್ಲಿ ಮರಳು ಸೇರಿರುತ್ತದೆ. ಇಡಿಯಾಗಿ ತೊಳೆದರೆ ಅದು ಹೋಗುವುದಿಲ್ಲ, ಹಲ್ಲಿಗೆ ಸಿಕ್ಕೇ ಸಿಗುತ್ತದೆ. ಉದ್ದಕ್ಕೆ ಎರಡು ಸೀಳಿ, ಎಸಳು ಬಿಡಿಸಿ, ಅಗಲ ಪಾತ್ರೆಯಲ್ಲಿ ಮೂರು ಸಲ ನೀರು ಬದಲಿಸಿ. ಪಾತ್ರೆಯನ್ನು ಬಗ್ಗಿಸಿ ನೀರು ಚೆಲ್ಲಬೇಡಿ, ಸೊಪ್ಪನ್ನು ಮೇಲಕ್ಕೆತ್ತಿ ತೆಗೆಯಿರಿ, ಮರಳು ತಳದಲ್ಲಿ ಉಳಿಯುತ್ತದೆ. ಅರ್ಧ ಬಟ್ಟಲು ಹೆಸರುಬೇಳೆ ಅರ್ಧ ಗಂಟೆ ನೆನೆಸಿ, ಕಾಳು ಬಿಡಿಬಿಡಿ ಇರುವಂತೆ ಬೇಯಿಸಿ ಬಸಿಯಿರಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆಗೆ ಹೆಚ್ಚಿದ ದಂಟು ಹಾಕಿ ಎರಡು ನಿಮಿಷ, ಬೇಳೆ ಒಂದು ನಿಮಿಷ, ಎಲೆ ಹಾಕಿದ ಕೂಡಲೇ ಒಲೆ ಆರಿಸಿ. ಎಲೆ ಆ ಬಿಸಿಯಲ್ಲೇ ಬಾಡುತ್ತದೆ. ದಂಟು ಕಟುಂ ಎನ್ನಬೇಕು. ಪುಂಡಿ ಪಲ್ಯದ ಅಭ್ಯಾಸದಲ್ಲಿ ಕುದಿಸಿ ಕಡೆಗೋಲು ಹಾಕಿದರೆ ಹುಳಿಯೂ ಇಲ್ಲದ ಖಾರವೂ ಹಿಡಿಯದ ಒಂದು ಪದಾರ್ಥ ಆಗುತ್ತದೆ.

ಬೇಬಿ ಕಾರ್ನ್ ಹೊಸದೇನಲ್ಲ, ನಮ್ಮ ಹೊಲದ ಮೆಕ್ಕೆಜೋಳದ ಎಳೆ ತೆನೆಯೇ. ರೇಷ್ಮೆ ಕಾಣಿಸಿಕೊಂಡ ಎರಡು ಮೂರು ದಿನದೊಳಗೆ, ಕಾಳು ಕಟ್ಟುವ ಮುಂಚೆ ಮುರಿದದ್ದು. ಮೂರು ನಿಮಿಷ ಕುದಿಸಿ, ಒರೆಸಿ, ಉದ್ದಕ್ಕೆ ಸೀಳಿ ಬಜ್ಜಿ ಹಿಟ್ಟಿನಲ್ಲಿ ಅದ್ದಿದರೆ ಬ್ರಾಕೊಲಿಗೆ ಸಿಗದ ಯಶಸ್ಸು ಇದಕ್ಕೆ ಸಿಗುತ್ತದೆ, ಮೈ ನಯವಾದ್ದರಿಂದ ಎಣ್ಣೆ ಕುಡಿಯುವುದಿಲ್ಲ. ಒಂದು ಬಟ್ಟಲು ಕಡಲೆಹಿಟ್ಟಿಗೆ ಒಂದು ದೊಡ್ಡ ಚಮಚ ಅಕ್ಕಿಹಿಟ್ಟು ಸಾಕು. ಹಿಟ್ಟು ಮಿರ್ಚಿಗೆ ಕಲಸುವುದಕ್ಕಿಂತ ತುಸು ಗಟ್ಟಿ ಇರಲಿ.

ಸೆಲರಿಯ ಘಾಟು ಇಂಗನ್ನೂ ಮೀರಿಸುತ್ತದೆ. ಇಡೀ ಕಟ್ಟನ್ನು ಒಂದೇ ಸಾರಿಗೆ ಹಾಕಿ ಮನೆಮಂದಿ ಮುಖ ಸಿಂಡರಿಸಿದ ಮೇಲೆ ಅದು ಹಸುವಿಗೆ ಹೋಗುತ್ತದೆ. ಟೊಮೆಟೊ ಸಾರಿಗೆ ಸಣ್ಣಗೆ ಹೆಚ್ಚಿದ ಎಲೆ ಒಂದು ಚಮಚ, ಮಟನ್ ಸಾರಿನ ಉಳ್ಳಾಗಡ್ಡಿಯ ಜೊತೆ ಒಂದು ದಂಟು, ಅಷ್ಟೇ. ದಂಟಿನ ಬೆನ್ನಿನ ನಾರನ್ನು ಚಾಕುವಿನ ತುದಿಯಲ್ಲಿ ಎಳೆದು ತೆಗೆಯಿರಿ. ಉಳಿದದ್ದನ್ನು ಹೆಚ್ಚಿ ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಕೆಲವರಿಗೆ ಸೆಲರಿ ಅಲರ್ಜಿ ತರುತ್ತದೆ. ಬಾಯಿ ತುರಿಸಿದರೆ ನಿಲ್ಲಿಸಿ.

ಲೆಟಿಸ್ ಬಾಡಿ ಬಂದಿದ್ದರೆ ಬುಡ ಅರ್ಧ ಸೆಂಟಿಮೀಟರ್ ಕತ್ತರಿಸಿ, ಮಂಜುಗಡ್ಡೆ ಹಾಕಿದ ಕುಡಿಯುವ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿ. ಎಲೆ ಮತ್ತೆ ನೀರು ಹೀರಿ ಎದ್ದು ನಿಲ್ಲುತ್ತದೆ. ಅಂಚು ಕೊಳೆತು ಲೋಳೆಯಾಗಿದ್ದರೆ ಯಾವ ಉಪಾಯವೂ ಇಲ್ಲ. ಎದ್ದದ್ದನ್ನು ಮೂಲಂಗಿ, ಹಸಿ ಮೆಂತ್ಯದ ಜೊತೆ ರೊಟ್ಟಿಯ ತಟ್ಟೆಗೆ ಇಡಬಹುದು. ಆದರೆ ಹಸಿ ಮೆಂತ್ಯ ಇರುವಾಗ ಇದರ ಅಗತ್ಯ ಏನು ಎಂಬ ಪ್ರಶ್ನೆಗೆ ಬಾಕ್ಸಿನವರ ಹತ್ತಿರ ಉತ್ತರವಿಲ್ಲ. ಕೆಲವು ವಾರ ಇದರ ಜಾಗಕ್ಕೆ ಕೇಲ್ ಎಂಬ ಕೋಸಿನ ಬಳಗದ ಸೊಪ್ಪು ಬರುತ್ತದೆ. ಅದು ಪರವಾಗಿಲ್ಲ. ನಡುವಿನ ದಂಟು ಕಿತ್ತು, ಎಳೆಯಾಗಿ ಹೆಚ್ಚಿ, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ರಾಶಿ ಅರ್ಧಕ್ಕೆ ಇಳಿಯುವವರೆಗೆ ತಿಕ್ಕಿದರೆ ಕೋಸಿನ ಪಚಡಿಯ ಹಾಗೇ ಆಗುತ್ತದೆ. ಹೊಲದ ಬದುವಿನ ಹತ್ತರಕಿ ಪಲ್ಯವನ್ನು ಹೀಗೇ ಹಸಿಯಾಗಿ ತಿನ್ನುತ್ತಿದ್ದ ಮನೆಗಳ ಮಕ್ಕಳಿಗೆ ಈಗ ಹತ್ತರಕಿಯೇ ಎಕ್ಸಾಟಿಕ್. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ನುಂಗುವವರು ಕೇಲ್, ಬ್ರಾಕೊಲಿಯನ್ನು ದಿಢೀರನೆ ಹೆಚ್ಚು ತಿನ್ನುವ ಮುಂಚೆ ಡಾಕ್ಟರನ್ನು ಕೇಳಬೇಕು. ಇವುಗಳಲ್ಲಿ ವಿಟಮಿನ್ ಕೆ ಬಹಳ, ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ.

ಆಸ್ಪರಾಗಸ್ ನಮ್ಮ ಶತಾವರಿಯ ದಾಯಾದಿ. ಕೊಯ್ದ ಗಳಿಗೆಯಿಂದಲೇ ಅದರ ಸಿಹಿ ಇಳಿಯುತ್ತಾ, ಬುಡದಿಂದ ನಾರು ಏರುತ್ತಾ ಹೋಗುತ್ತದೆ. ಬಿಸಿಯಲ್ಲಿ ಇನ್ನೂ ಬೇಗ. ಇಲ್ಲಿಗೆ ಬಂದು ಸೇರುವ ಹೊತ್ತಿಗೆ ಕಡ್ಡಿಯ ಕೆಳಗಿನ ಅರ್ಧ ಕಸಕ್ಕೇ. ಬುಡ ಹಿಡಿದು ಬಗ್ಗಿಸಿದರೆ ಎಲ್ಲಿ ತಾನಾಗಿ ಮುರಿಯುತ್ತದೋ ಅಲ್ಲಿಂದ ಮೇಲಿನದ್ದು ತಿನ್ನಲು ಬರುತ್ತದೆ. ಬಿಸಿ ಹಂಚಿನ ಮೇಲೆ ಉಪ್ಪು ಮೆಣಸಿನ ಜೊತೆ ಮೂರು ನಿಮಿಷ. ಆರು ಕಡ್ಡಿಯಲ್ಲಿ ಒಬ್ಬರಿಗೆ ನಾಲ್ಕು ತುತ್ತು ಆದರೆ ಹೆಚ್ಚು. ಬಾಕ್ಸಿನಲ್ಲಿ ಅತಿ ದುಬಾರಿ ಮಾಲು ಇದೇ ಎನ್ನುವುದು ಇನ್ನೂ ಉರಿಸುತ್ತದೆ.

ಒಳ್ಳೆಯ ಸುದ್ದಿ ಎಂದರೆ ಬದಲಾವಣೆಗೆ ಅವಕಾಶ ಇದೆ, ಆದರೆ ಅದನ್ನು ಎಲ್ಲೂ ಬರೆದಿಲ್ಲ. ಲಾರಿ ಬರುವ ಹಿಂದಿನ ದಿನ ಸಂಜೆಯೊಳಗೆ ಫೋನ್ ಮಾಡಿ ‘ಆಸ್ಪರಾಗಸ್, ಲೆಟಿಸ್ ಬೇಡ, ಬದಲಿಗೆ ಇನ್ನೊಂದು ಬಾಕ್ ಚಾಯ್, ಒಂದು ಬ್ರಾಕೊಲಿ ಹಾಕಿ’ ಎಂದರೆ ಹಾಕುತ್ತಾರೆ. ಬಾಕ್ಸ್ ಪ್ಯಾಕ್ ಆದ ಮೇಲೆ ಕೇಳಿದರೆ ‘ಮುಂದಿನ ವಾರ ನೋಡೋಣ ಸಾರ್’ ಎನ್ನುತ್ತಾರೆ.